ಫ್ರಾನ್ಸೆಸ್ ಥಿಯೊಡೋರಾ ಪಾರ್ಸನ್ಸ್

ಫ್ರಾನ್ಸೆಸ್ ಥಿಯೊಡೋರಾ ಪಾರ್ಸನ್ಸ್ (5 ಡಿಸೆಂಬರ್ 1861 – 10 ಜೂನ್ 1952) ಅಮೆರಿಕದ ಸಸ್ಯಶಾಸ್ತ್ರ ಲೇಖಕಿ. 1893ರಲ್ಲಿ ಪ್ರಕಟವಾದ 'ಹೌ ಟು ನೋ ದ ವೈಲ್ಡ್ ಫ್ಲವರ್ಸ್' (ಕಾಡುಹೂಗಳನ್ನು ಗುರುತಿಸುವ ಬಗೆ) ಎಂಬ ಕೃತಿಯಿಂದ ಇವರು ಪ್ರಸಿದ್ಧರಾದರು. ಉತ್ತರ ಅಮೆರಿಕದ ಕಾಡುಹೂಗಳನ್ನು ಕುರಿತು ಸಾಮಾನ್ಯ ಓದುಗರಿಗಾಗಿ ರಚಿತವಾದ ಮೊದಲ ಕ್ಷೇತ್ರ ಕೈಪಿಡಿ ಎಂದು ಈ ಗ್ರಂಥವನ್ನು ಪರಿಗಣಿಸಲಾಗುತ್ತದೆ. ಸಸ್ಯಗಳನ್ನು ಕುಟುಂಬಗಳ ಪ್ರಕಾರ ಜೋಡಿಸುವ ರೂಢಿಯನ್ನು ಬಿಟ್ಟು, ಮೊದಲು ಹೂವಿನ ಬಣ್ಣವನ್ನೂ ಅನಂತರ ಹೂಬಿಡುವ ಕಾಲವನ್ನೂ ಆಧಾರವಾಗಿಟ್ಟುಕೊಂಡದ್ದು ಈ ಕೃತಿಯ ವೈಶಿಷ್ಟ್ಯ. ಸಸ್ಯಶಾಸ್ತ್ರದ ಪರಿಭಾಷೆ ತಿಳಿಯದವರೂ ತಮ್ಮ ಊರಿನ ಹೂಗಳ ಹೆಸರನ್ನು ಸ್ವತಃ ಕಂಡುಕೊಳ್ಳಲು ಇದರಿಂದ ಸಾಧ್ಯವಾಯಿತು. ಮೊದಲ ಪತಿಯ ಹೆಸರನ್ನು ಅನುಸರಿಸಿ ಇವರ ಆರಂಭದ ಪುಸ್ತಕಗಳು 'ಮಿಸೆಸ್ ವಿಲಿಯಂ ಸ್ಟಾರ್ ಡೇನಾ' ಎಂಬ ಹೆಸರಿನಲ್ಲಿ ಪ್ರಕಟವಾದವು.

## ಬಾಲ್ಯ

ಫ್ರಾನ್ಸೆಸ್ ಥಿಯೊಡೋರಾ ಸ್ಮಿತ್ 1861ರ ಡಿಸೆಂಬರ್ 5ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಶಾಲಾ ಶಿಕ್ಷಣವೂ ಅದೇ ನಗರದಲ್ಲಿ ನಡೆಯಿತು. ಬೇಸಗೆಯ ರಜೆಗಳನ್ನು ಅವರು ಹಡ್ಸನ್ ನದಿಯ ದಂಡೆಯ ನ್ಯೂಬರ್ಗ್ ಪಟ್ಟಣದ ಬಳಿ ಅಜ್ಜ-ಅಜ್ಜಿಯರ ಮನೆಯಲ್ಲಿ ಕಳೆಯುತ್ತಿದ್ದರು. ಅಲ್ಲಿನ ಹೊಲ, ಕಾಡು ಮತ್ತು ತೊರೆಯಂಚಿನ ಹೂಗಳ ಪರಿಚಯವೇ ಅವರ ಸಸ್ಯಾಸಕ್ತಿಗೆ ಮೂಲವಾಯಿತು. ಅವರು ವಿಶ್ವವಿದ್ಯಾಲಯದಲ್ಲಿ ತರಬೇತಿ ಪಡೆದ ಸಸ್ಯವಿಜ್ಞಾನಿಯಾಗಿರಲಿಲ್ಲ. ಮುಂದೆ ಅವರು ಬರೆದ ಪುಸ್ತಕಗಳು ಹೊರಗಿನಿಂದ ಬಂದು ಕಲಿಯುವವರ ಕಷ್ಟವನ್ನು ಬಲ್ಲ ಬರವಣಿಗೆಯಾಗಿರುವುದಕ್ಕೆ ಇದೂ ಒಂದು ಕಾರಣ.

## ಮೊದಲ ವಿವಾಹ ಮತ್ತು ವೈಧವ್ಯ

1884ರಲ್ಲಿ ಫ್ರಾನ್ಸೆಸ್ ಅವರು ಅಮೆರಿಕದ ನೌಕಾಪಡೆಯ ಅಧಿಕಾರಿ ವಿಲಿಯಂ ಸ್ಟಾರ್ ಡೇನಾ ಅವರನ್ನು ವಿವಾಹವಾದರು. 1889–90ರಲ್ಲಿ ಯುರೋಪ್ ಮತ್ತು ಅಮೆರಿಕಗಳನ್ನು ವ್ಯಾಪಿಸಿದ ಇನ್‌ಫ್ಲುಯೆಂಜಾ ಪಿಡುಗಿಗೆ ಡೇನಾ 1890ರಲ್ಲಿ ಬಲಿಯಾದರು. ಆಗ ಫ್ರಾನ್ಸೆಸ್ ಅವರಿಗೆ ಇನ್ನೂ ಮೂವತ್ತು ವರ್ಷ ತುಂಬಿರಲಿಲ್ಲ.

ಆ ಕಾಲದ ಮೇಲುವರ್ಗದ ಸಮಾಜದಲ್ಲಿ ವಿಧವೆಯರ ಶೋಕಾಚರಣೆಗೆ ಕಟ್ಟುನಿಟ್ಟಾದ ನಿಯಮಗಳಿದ್ದವು. ಕಪ್ಪು ಉಡುಪು ಧರಿಸುವುದು, ಔತಣಕೂಟ ಮತ್ತು ಮನರಂಜನೆಗಳಿಂದ ದೂರವಿರುವುದು ಇವುಗಳಲ್ಲಿ ಸೇರಿದ್ದವು. ಹೀಗೆ ಸಾಮಾಜಿಕ ಜೀವನ ಮೊಟಕುಗೊಂಡಾಗ ಗೆಳತಿ ಮೇರಿಯನ್ ಸ್ಯಾಟರ್ಲೀ ಅವರನ್ನು ಊರ ಹೊರಗಿನ ನಡಿಗೆಗೆ ಪ್ರೇರೇಪಿಸಿದರು. ಬಾಲ್ಯದ ಹೂಗಳ ಒಲವು ಈ ನಡಿಗೆಗಳಲ್ಲಿ ಮರಳಿ ಚಿಗುರಿತು. ಸ್ಯಾಟರ್ಲೀ ಚಿತ್ರಕಲಾವಿದೆಯಾಗಿದ್ದುದರಿಂದ ಕಂಡ ಹೂಗಳು ಬರಹಕ್ಕೂ ರೇಖೆಗೂ ಇಳಿದವು.

## ಕೈಪಿಡಿಯ ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈಶಾನ್ಯ ಅಮೆರಿಕದ ಸಸ್ಯಗಳನ್ನು ಗುರುತಿಸಲು ಪ್ರಮಾಣವೆನಿಸಿದ್ದ ಗ್ರಂಥವೆಂದರೆ ಹಾರ್ವರ್ಡ್‌ನ ಸಸ್ಯವಿಜ್ಞಾನಿ ಏಸಾ ಗ್ರೇ ಅವರ 'ಮ್ಯಾನ್ಯುಅಲ್'. ಇದು ಮೊದಲು ಪ್ರಕಟವಾದದ್ದು 1848ರಲ್ಲಿ. ವೈಜ್ಞಾನಿಕವಾಗಿ ಅದು ಉತ್ತಮ ಗ್ರಂಥವಾಗಿದ್ದರೂ ಅದರಲ್ಲಿ ಸಸ್ಯಗಳು ಕುಟುಂಬಗಳ ಕ್ರಮದಲ್ಲಿವೆ. ಹೂವಿನ ಹೆಸರು ತಿಳಿಯಬೇಕಾದರೆ ಅದರ ಕುಟುಂಬ ಮೊದಲು ತಿಳಿದಿರಬೇಕು. ಕುಟುಂಬ ತಿಳಿಯಬೇಕಾದರೆ ಹೂವನ್ನು ಬಿಡಿಸಿ ಕೇಸರಗಳನ್ನು ಎಣಿಸಬೇಕು, ಅಂಡಾಶಯ ದಳಗಳಿಗಿಂತ ಮೇಲಿದೆಯೋ ಕೆಳಗಿದೆಯೋ ಎಂದು ಪರೀಕ್ಷಿಸಬೇಕು, ಪ್ರತಿ ಹಂತದಲ್ಲಿಯೂ ಪಾರಿಭಾಷಿಕ ಪದಗಳ ಅರ್ಥವನ್ನು ಹುಡುಕಬೇಕು. ಮಸೂರವಿಲ್ಲದೆ, ಗುರುವಿಲ್ಲದೆ ದಾರಿಯಲ್ಲಿ ನಡೆಯುವ ವ್ಯಕ್ತಿಗೆ ಇದು ಮುಚ್ಚಿದ ಬಾಗಿಲಾಗಿತ್ತು. ಇದೇ ಪ್ರದೇಶದ ಸಸ್ಯಗಳ ಚಿತ್ರಸಹಿತ ಬೃಹತ್ ಸಂಪುಟಗಳನ್ನು ಬ್ರಿಟನ್ ಮತ್ತು ಬ್ರೌನ್ ಪ್ರಕಟಿಸತೊಡಗಿದ್ದು 1896ರಲ್ಲಿ.

ನಿಸರ್ಗ ಪ್ರಬಂಧಕಾರರಾಗಿ ಆಗ ಜನಪ್ರಿಯರಾಗಿದ್ದ ಜಾನ್ ಬರೋಸ್ (1837–1921) ಅವರು ಹೂವನ್ನು ಬಿಡಿಸಿ ವಿಶ್ಲೇಷಿಸುವ ತೊಡಕಿಲ್ಲದೆ ಹೆಸರು ತಿಳಿಸುವ ಕೈಪಿಡಿಯೊಂದು ಬರಬೇಕೆಂದು ತಮ್ಮ ಬರಹದಲ್ಲಿ ಆಶಿಸಿದ್ದರು. ಈ ಸೂಚನೆಯೇ ತಮ್ಮ ಪುಸ್ತಕಕ್ಕೆ ಪ್ರೇರಣೆಯೆಂದು ಫ್ರಾನ್ಸೆಸ್ ಅವರು ಮುನ್ನುಡಿಯಲ್ಲಿ ಸ್ಮರಿಸಿದ್ದಾರೆ.

## 'ಹೌ ಟು ನೋ ದ ವೈಲ್ಡ್ ಫ್ಲವರ್ಸ್'

ಈ ಕೃತಿಯನ್ನು 1893ರಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ಸ್ಕ್ರಿಬ್ನರ್ಸ್ ಸನ್ಸ್ ಸಂಸ್ಥೆ ಪ್ರಕಟಿಸಿತು. ಚಿತ್ರಗಳನ್ನು ಮೇರಿಯನ್ ಸ್ಯಾಟರ್ಲೀ ಬರೆದರು. ಮೊದಲ ಮುದ್ರಣದ ಪ್ರತಿಗಳೆಲ್ಲ ಐದೇ ದಿನಗಳಲ್ಲಿ ಮಾರಾಟವಾದವು. ಥಿಯೊಡೋರ್ ರೂಸ್‌ವೆಲ್ಟ್ ಮತ್ತು ರಡ್ಯಾರ್ಡ್ ಕಿಪ್ಲಿಂಗ್ ಇದನ್ನು ಮೆಚ್ಚಿಕೊಂಡರು. ಬಳಿಕ ಅನೇಕ ಮುದ್ರಣಗಳು ಬಂದವು.

### ವಿಂಗಡಣೆಯ ಕ್ರಮ

ಪುಸ್ತಕದಲ್ಲಿ ಹೂಗಳನ್ನು ಬಿಳಿ, ಹಳದಿ, ನಸುಗೆಂಪು, ಕೆಂಪು, ನೀಲಿ ಮತ್ತು ನೇರಳೆ ಎಂಬ ವಿಭಾಗಗಳಾಗಿ ವಿಂಗಡಿಸಲಾಗಿದೆ. ಈ ಬಣ್ಣಗಳಿಗೆ ಒಳಪಡದವುಗಳಿಗಾಗಿ ಕೊನೆಯಲ್ಲಿ ಪ್ರತ್ಯೇಕ ವಿಭಾಗವಿದೆ. ಪ್ರತಿ ಬಣ್ಣದ ಒಳಗೆ ಬೇಗ ಅರಳುವ ಹೂಗಳು ಮೊದಲು, ತಡವಾಗಿ ಅರಳುವವು ಅನಂತರ ಬರುತ್ತವೆ. ಹೀಗಾಗಿ ಓದುಗನು ಎರಡೇ ಪ್ರಶ್ನೆಗಳಿಗೆ ಉತ್ತರಿಸಿದರೆ ಹುಡುಕಬೇಕಾದ ಪುಟಗಳ ಸಂಖ್ಯೆ ಬಹಳ ಕಡಿಮೆಯಾಗುತ್ತದೆ: ಹೂವಿನ ಬಣ್ಣ ಯಾವುದು, ಈಗ ಯಾವ ತಿಂಗಳು?

ಉದಾಹರಣೆಗೆ, ಆಗಸ್ಟ್ ತಿಂಗಳಿನಲ್ಲಿ ತೊರೆಯ ಪಕ್ಕದಲ್ಲಿ ಕಡುಗೆಂಪು ಹೂಗಳ ನೇರವಾದ ಗೊನೆಯೊಂದು ಕಂಡಿತೆಂದು ಭಾವಿಸಬಹುದು. ಓದುಗನು ಕೆಂಪು ವಿಭಾಗವನ್ನು ತೆರೆದು, ವಸಂತದ ಹೂಗಳನ್ನು ದಾಟಿ, ಬೇಸಗೆಯ ನಡುವಿನ ಹೂಗಳ ವರ್ಣನೆಗಳನ್ನು ನೋಡುತ್ತಾನೆ. ಕಾಂಡ, ಎಲೆ ಮತ್ತು ಹೂವಿನ ಆಕಾರದ ವಿವರಗಳು ಹೊಂದಿದರೆ ಅದು ಕಾರ್ಡಿನಲ್ ಹೂ ಎಂದು ನಿಶ್ಚಯವಾಗುತ್ತದೆ. ಬಣ್ಣ ಮತ್ತು ಕಾಲ ಓದುಗನನ್ನು ಸರಿಯಾದ ಪುಟದ ಸಮೀಪಕ್ಕೆ ತಂದು ನಿಲ್ಲಿಸುತ್ತವೆ. ಕೊನೆಯ ನಿರ್ಣಯವನ್ನು ಸಸ್ಯದ ಇತರ ಲಕ್ಷಣಗಳು ನೀಡುತ್ತವೆ.

### ವರ್ಣನೆಯ ರೀತಿ

ಪ್ರತಿ ಸಸ್ಯದ ಬರಹವು ಬಳಕೆಯ ಹೆಸರು, ಲ್ಯಾಟಿನ್ ಹೆಸರು ಮತ್ತು ಕುಟುಂಬದ ಹೆಸರಿನಿಂದ ಆರಂಭವಾಗುತ್ತದೆ. ಅದನ್ನು ಅನುಸರಿಸಿ ಕಾಂಡ, ಎಲೆ ಮತ್ತು ಹೂಗಳ ಸಂಕ್ಷಿಪ್ತ ಲಕ್ಷಣಗಳಿವೆ. ಬಳಿಕ ಆ ಹೂ ಎಲ್ಲಿ ಬೆಳೆಯುತ್ತದೆ, ಅದಕ್ಕೆ ಆ ಹೆಸರು ಹೇಗೆ ಬಂತು, ಜನರು ಅದನ್ನು ಯಾವುದಕ್ಕೆ ಬಳಸುತ್ತಿದ್ದರು ಎಂಬ ವಿಷಯಗಳು ಪ್ರಬಂಧದ ಧಾಟಿಯಲ್ಲಿ ಬರುತ್ತವೆ. ಪುಸ್ತಕದ ಆರಂಭದಲ್ಲಿ ಅಗತ್ಯವಾದ ಪಾರಿಭಾಷಿಕ ಪದಗಳ ವಿವರಣೆಯೂ ಮುಖ್ಯ ಸಸ್ಯಕುಟುಂಬಗಳ ಪರಿಚಯವೂ ಇದೆ. ಹೀಗೆ ಲೇಖಕಿಯು ಶಾಸ್ತ್ರವನ್ನು ಬದಿಗೊತ್ತದೆ, ಅದರತ್ತ ಹೋಗುವ ಮೊದಲ ಮೆಟ್ಟಿಲನ್ನು ಮಾತ್ರ ತಗ್ಗಿಸಿದರು.

ಮೊದಲ ಆವೃತ್ತಿಯ ಚಿತ್ರಗಳು ಕಪ್ಪುಬಿಳುಪಿನ ರೇಖಾಚಿತ್ರಗಳಾಗಿದ್ದವು. ಬಣ್ಣವನ್ನೇ ಆಧರಿಸಿದ ಪುಸ್ತಕದಲ್ಲಿ ಬಣ್ಣವು ವಿಭಾಗಗಳ ಶೀರ್ಷಿಕೆಗಳಲ್ಲಿಯೂ ವರ್ಣನೆಯಲ್ಲಿಯೂ ಮಾತ್ರ ಇತ್ತು. ನಂತರದ ಆವೃತ್ತಿಗೆ ಎಲ್ಸಿ ಲೂಯಿಸ್ ಶಾ ಅವರ ವರ್ಣಚಿತ್ರಗಳನ್ನು ಸೇರಿಸಲಾಯಿತು.

## ಋತುಮಾನಕ್ಕೆ ಅನುಗುಣವಾಗಿ ಹೂಗಳು

ಚಳಿಗಾಲದಲ್ಲಿ ಹಿಮ ಆವರಿಸುವ ಈಶಾನ್ಯ ಅಮೆರಿಕದಲ್ಲಿ ಹೂಬಿಡುವ ಅವಧಿ ಮುಖ್ಯವಾಗಿ ಮಾರ್ಚ್‌ನಿಂದ ಅಕ್ಟೋಬರ್‌ವರೆಗಿನದು. ಈ ಅವಧಿಯೊಳಗೆ ಹೂಗಳು ಸಾಕಷ್ಟು ಸ್ಥಿರವಾದ ಅನುಕ್ರಮದಲ್ಲಿ ಅರಳುತ್ತವೆ. ಫ್ರಾನ್ಸೆಸ್ ಅವರ ಕ್ರಮವು ಫಲಕಾರಿಯಾಗಲು ಈ ಅನುಕ್ರಮವೇ ಕಾರಣ. ಆ ಪ್ರದೇಶದ ಕೆಲವು ಪ್ರಮುಖ ಕಾಡುಹೂಗಳು ಹೀಗಿವೆ:

ವಸಂತದ ಆರಂಭ (ಮಾರ್ಚ್–ಏಪ್ರಿಲ್)
* ಸ್ಕಂಕ್ ಕ್ಯಾಬೇಜ್: ಜೌಗುನೆಲದಲ್ಲಿ ಎಲ್ಲಕ್ಕಿಂತ ಮೊದಲು, ಕೆಲವೆಡೆ ಫೆಬ್ರವರಿಯಲ್ಲಿಯೇ ಹೂಬಿಡುತ್ತದೆ. ಕಂದುನೇರಳೆ ಬಣ್ಣದ ಹೊದಿಕೆಯೊಳಗೆ ಹೂಗುಚ್ಛವಿರುತ್ತದೆ. ತಾನೇ ಶಾಖವನ್ನು ಉತ್ಪಾದಿಸಿ ಸುತ್ತಲಿನ ಹಿಮವನ್ನು ಕರಗಿಸಬಲ್ಲ ಸಸ್ಯವಿದು.
* ಹೆಪಾಟಿಕಾ: ನೀಲಿ, ತಿಳಿನೇರಳೆ ಅಥವಾ ಬಿಳಿ. ಮೂರು ಹಾಲೆಗಳ ಹಳೆಯ ಎಲೆಗಳು ಚಳಿಗಾಲವಿಡೀ ಉಳಿದಿರುತ್ತವೆ.
* ಬ್ಲಡ್‌ರೂಟ್: ಬಿಳಿ. ಒಂದೇ ಎಲೆ ಹೂವಿನ ತೊಟ್ಟನ್ನು ಸುತ್ತಿಕೊಂಡು ಮೇಲೇಳುತ್ತದೆ. ಬೇರನ್ನು ಮುರಿದರೆ ಕೆಂಪು-ಕಿತ್ತಳೆ ಬಣ್ಣದ ರಸ ಒಸರುತ್ತದೆ.

ವಸಂತ (ಏಪ್ರಿಲ್–ಜೂನ್)
* ಟ್ರೇಲಿಂಗ್ ಅರ್ಬ್ಯುಟಸ್: ನಸುಗೆಂಪು ಅಥವಾ ಬಿಳಿ. ನೆಲದ ಮೇಲೆ ಹಬ್ಬುವ, ಸುಗಂಧವುಳ್ಳ ಹೂ.
* ಮಾರ್ಷ್ ಮ್ಯಾರಿಗೋಲ್ಡ್: ಹೊಳೆಯುವ ಹಳದಿ. ತೇವದ ನೆಲದಲ್ಲಿ ಬೆಳೆಯುತ್ತದೆ. ದಳಗಳಂತೆ ಕಾಣುವುವು ವಾಸ್ತವವಾಗಿ ಪುಷ್ಪಪತ್ರಗಳು. ಹೆಸರಿನಲ್ಲಿ 'ಮ್ಯಾರಿಗೋಲ್ಡ್' ಎಂದಿದ್ದರೂ ಚೆಂಡುಹೂವಿನ ಕುಟುಂಬಕ್ಕೆ ಸೇರಿಲ್ಲ.
* ಕಾಡು ಕೊಲಂಬೈನ್: ಕೆಂಪು ಮತ್ತು ಹಳದಿ. ಬಂಡೆಗಳ ನಡುವೆ ಬೆಳೆಯುತ್ತದೆ.
* ನಸುಗೆಂಪು ಲೇಡೀಸ್ ಸ್ಲಿಪ್ಪರ್: ಚೀಲದಂತೆ ಉಬ್ಬಿದ ತುಟಿಯುಳ್ಳ ನೆಲ ಆರ್ಕಿಡ್.

ಬೇಸಗೆ (ಜುಲೈ–ಆಗಸ್ಟ್)
* ಕಾರ್ಡಿನಲ್ ಹೂ: ಕಡುಗೆಂಪು. ಪರಾಗಸ್ಪರ್ಶವನ್ನು ಮುಖ್ಯವಾಗಿ ಹಮ್ಮಿಂಗ್‌ಬರ್ಡ್ ಹಕ್ಕಿಗಳು ನೆರವೇರಿಸುತ್ತವೆ. ಕರ್ನಾಟಕದ ಪಶ್ಚಿಮ ಘಟ್ಟಗಳಲ್ಲಿ ಬೆಳೆಯುವ ಕಾಡುಹೊಗೆಸೊಪ್ಪು ಇದೇ ಲೊಬೀಲಿಯ ಕುಲಕ್ಕೆ ಸೇರಿದೆ.
* ಜ್ಯುವೆಲ್‌ವೀಡ್: ಕಿತ್ತಳೆ. ಕರ್ಣಕುಂಡಲದ (ಗೌರಿಹೂ) ಕುಲದ ಸಸ್ಯ. ಇದರ ಮಾಗಿದ ಕಾಯಿಗಳೂ ಮುಟ್ಟಿದೊಡನೆ ಸಿಡಿಯುತ್ತವೆ.
* ಮಿಲ್ಕ್‌ವೀಡ್: ಮಾಸಲು ನಸುಗೆಂಪು. ಹಾಲಿನಂಥ ರಸವುಳ್ಳ ಇದು ಎಕ್ಕದ ಕುಟುಂಬದ್ದು.
* ಚಿಕೋರಿ: ನೀಲಿ. ಯುರೋಪಿನಿಂದ ಬಂದು ರಸ್ತೆಯಂಚುಗಳಲ್ಲಿ ನೆಲೆಸಿದ ಸಸ್ಯ. ಬಿಸಿಲೇರಿದಂತೆ ಹೂ ಮುಚ್ಚಿಕೊಳ್ಳುತ್ತದೆ. ಕಾಫಿಪುಡಿಗೆ ಬೆರೆಸುವ ಚಿಕೋರಿ ಇದೇ ಸಸ್ಯದ ಹುರಿದ ಬೇರು.

ಶರತ್ಕಾಲ (ಸೆಪ್ಟೆಂಬರ್–ನವೆಂಬರ್)
* ಗೋಲ್ಡನ್‌ರಾಡ್: ಹಳದಿ, ಅನೇಕ ಪ್ರಭೇದಗಳಿವೆ.
* ಆಸ್ಟರ್: ನೇರಳೆ, ನೀಲಿ ಅಥವಾ ಬಿಳಿ, ಇದರಲ್ಲಿಯೂ ಅನೇಕ ಪ್ರಭೇದಗಳಿವೆ.
* ಫ್ರಿಂಜ್ಡ್ ಜೆನ್ಷನ್: ನೀಲಿ. ದಳಗಳ ಅಂಚು ಕುಚ್ಚಿನಂತೆ ಸೀಳಿರುತ್ತದೆ.
* ವಿಚ್ ಹೇಜಲ್: ಹಳದಿ. ಎಲೆ ಉದುರುವ ಕಾಲದಲ್ಲಿ ಹೂಬಿಡುವ ಪೊದೆಸಸ್ಯ.

## ಕ್ರಮದ ಮಿತಿಗಳು

ಬಣ್ಣವನ್ನು ಆಧರಿಸಿದ ವಿಂಗಡಣೆ ಕೃತಕವಾದುದು. ಸಸ್ಯಗಳ ನಡುವಿನ ನಿಜವಾದ ಬಂಧುತ್ವವನ್ನು ಅದು ತೋರಿಸುವುದಿಲ್ಲ. ಒಂದೇ ಕುಲದ ಹಳದಿ ಮತ್ತು ನಸುಗೆಂಪು ಲೇಡೀಸ್ ಸ್ಲಿಪ್ಪರ್‌ಗಳು ಬೇರೆ ಬೇರೆ ವಿಭಾಗಗಳಿಗೆ ಹೋಗುತ್ತವೆ. ಯಾವ ಸಂಬಂಧವೂ ಇಲ್ಲದ ಹೂಗಳು ಅಕ್ಕಪಕ್ಕದಲ್ಲಿ ನಿಲ್ಲುತ್ತವೆ. ಹೆಪಾಟಿಕಾದಂತೆ ಒಂದೇ ಪ್ರಭೇದದಲ್ಲಿ ಹಲವು ಬಣ್ಣಗಳಿದ್ದರೆ ಅಥವಾ ಕೊಲಂಬೈನ್‌ನಂತೆ ಒಂದೇ ಹೂವಿನಲ್ಲಿ ಎರಡು ಬಣ್ಣಗಳಿದ್ದರೆ ಯಾವ ವಿಭಾಗವನ್ನು ತೆರೆಯಬೇಕೆಂಬ ಗೊಂದಲ ಉಂಟಾಗುತ್ತದೆ. ನಸುಗೆಂಪು ಎಲ್ಲಿ ಮುಗಿದು ನೇರಳೆ ಎಲ್ಲಿ ಆರಂಭವಾಗುತ್ತದೆ ಎಂಬುದು ನೋಡುವವರ ಕಣ್ಣನ್ನು ಅವಲಂಬಿಸಿದೆ. ಗೋಲ್ಡನ್‌ರಾಡ್‌ನ ಪ್ರಭೇದಗಳು ಬಹುಪಾಲು ಹಳದಿ ಬಣ್ಣದವು ಮತ್ತು ಒಂದೇ ಕಾಲದಲ್ಲಿ ಅರಳುವಂಥವು. ಅವುಗಳನ್ನು ಪ್ರತ್ಯೇಕಿಸಲು ಬಣ್ಣವೂ ಕಾಲವೂ ನೆರವಾಗುವುದಿಲ್ಲ. ಅಲ್ಲಿ ಎಲೆಯ ನರಗಳು, ಕಾಂಡದ ರೋಮ ಹಾಗೂ ಹೂಗೊಂಚಲಿನ ಆಕಾರವನ್ನು ಗಮನಿಸುವುದು ಅನಿವಾರ್ಯ.

ಹೂಬಿಡುವ ಕಾಲವೂ ಸ್ಥಳ ಮತ್ತು ವರ್ಷಕ್ಕೆ ತಕ್ಕಂತೆ ವ್ಯತ್ಯಾಸಗೊಳ್ಳುತ್ತದೆ. ದಕ್ಷಿಣದಲ್ಲಿ ಮೊದಲು ಅರಳುವ ಹೂ ಉತ್ತರದಲ್ಲಿ ಮತ್ತು ಬೆಟ್ಟಗಳ ಮೇಲೆ ತಡವಾಗಿ ಅರಳುತ್ತದೆ. ಹತ್ತೊಂಬತ್ತನೆಯ ಶತಮಾನದ ಕಾಲಸೂಚಿಗಳನ್ನು ಇಂದು ಬಳಸುವಾಗ ಹವಾಮಾನದ ಬದಲಾವಣೆಯನ್ನೂ ಗಮನದಲ್ಲಿಡಬೇಕು. ಮ್ಯಾಸಚೂಸೆಟ್ಸ್‌ನ ಕಾನ್‌ಕರ್ಡ್‌ನಲ್ಲಿ ಹೆನ್ರಿ ಡೇವಿಡ್ ಥೋರೋ 1850ರ ದಶಕದಲ್ಲಿ ಬರೆದಿಟ್ಟ ದಿನಾಂಕಗಳನ್ನು ಇಪ್ಪತ್ತೊಂದನೆಯ ಶತಮಾನದ ದಾಖಲೆಗಳೊಂದಿಗೆ ಹೋಲಿಸಿದ ಸಂಶೋಧಕರು, ಅಲ್ಲಿನ ಹೂಗಳು ಈಗ ಸರಾಸರಿ ಒಂದು ವಾರ ಮೊದಲೇ ಅರಳುತ್ತಿರುವುದನ್ನು ಕಂಡುಕೊಂಡಿದ್ದಾರೆ.

ಈ ಮಿತಿಗಳಿದ್ದರೂ ಕ್ರಮವು ಬಳಕೆಯಲ್ಲಿ ಉಳಿದದ್ದಕ್ಕೆ ಕಾರಣ ಸರಳವಾಗಿದೆ. ಅಪರಿಚಿತ ಹೂವಿನ ಮುಂದೆ ನಿಂತವರಿಗೆ ತಿಳಿದಿರುವ ಸಂಗತಿಗಳು ಅದರ ಬಣ್ಣ ಮತ್ತು ಆ ದಿನದ ತಾರೀಖು ಮಾತ್ರ. ತಿಳಿದಿರುವುದರಿಂದ ತಿಳಿಯದಿರುವುದರ ಕಡೆಗೆ ಸಾಗುವ ದಾರಿಯನ್ನು ಈ ಕೈಪಿಡಿ ಒದಗಿಸಿತು.

## ಇತರ ಕೃತಿಗಳು

1894ರಲ್ಲಿ ಪ್ರಕಟವಾದ 'ಅಕಾರ್ಡಿಂಗ್ ಟು ಸೀಸನ್' ಎಂಬ ಪ್ರಬಂಧ ಸಂಕಲನವು ಹೂಗಳು ಕಾಣಿಸಿಕೊಳ್ಳುವ ಅನುಕ್ರಮದಲ್ಲಿ ಅವುಗಳನ್ನು ಪರಿಚಯಿಸುತ್ತದೆ. ಮೊದಲ ಕೃತಿಯಲ್ಲಿ ಬಣ್ಣದ ಒಳಗೆ ಅಡಗಿದ್ದ ಋತುಕ್ರಮವು ಇಲ್ಲಿ ಇಡೀ ಪುಸ್ತಕದ ಚೌಕಟ್ಟಾಗಿದೆ. 1896ರಲ್ಲಿ ಮಕ್ಕಳಿಗಾಗಿ ಬರೆದ 'ಪ್ಲಾಂಟ್ಸ್ ಆ್ಯಂಡ್ ದೆಯರ್ ಚಿಲ್ಡ್ರನ್' ಹೊರಬಂತು.

1899ರಲ್ಲಿ ಪ್ರಕಟವಾದ 'ಹೌ ಟು ನೋ ದ ಫರ್ನ್ಸ್' ಜರಿಗಿಡಗಳ ಕೈಪಿಡಿ. ಜರಿಗಿಡಗಳಿಗೆ ಹೂವಿಲ್ಲದ ಕಾರಣ ಬಣ್ಣದ ವಿಂಗಡಣೆ ಇಲ್ಲಿ ಸಾಧ್ಯವಿರಲಿಲ್ಲ. ಅವುಗಳನ್ನು ಬೇರ್ಪಡಿಸಲು ಬೀಜಕಗಳನ್ನು ಹೊರುವ ಎಲೆಗಳು ಮತ್ತು ಬೀಜಕಗಳ ಗುಂಪುಗಳ ಆಕಾರವನ್ನು ನೋಡಬೇಕಾಗುತ್ತದೆ. ಈ ಪುಸ್ತಕದಿಂದ ಆರಂಭಿಸಿ ಅವರು ಪಾರ್ಸನ್ಸ್ ಎಂಬ ಹೆಸರನ್ನು ಬಳಸಿದರು.

## ಎರಡನೆಯ ವಿವಾಹ ಮತ್ತು ಸಾರ್ವಜನಿಕ ಜೀವನ

1896ರಲ್ಲಿ ಫ್ರಾನ್ಸೆಸ್ ಅವರು ಜೇಮ್ಸ್ ರಸ್ಸೆಲ್ ಪಾರ್ಸನ್ಸ್ ಅವರನ್ನು ವಿವಾಹವಾದರು. ನ್ಯೂಯಾರ್ಕ್ ರಾಜ್ಯದ ಶಿಕ್ಷಣ ಆಡಳಿತದಲ್ಲಿ ಉನ್ನತ ಹುದ್ದೆಯಲ್ಲಿದ್ದ ಜೇಮ್ಸ್ ಅನಂತರ ಮೆಕ್ಸಿಕೋ ನಗರದಲ್ಲಿ ಅಮೆರಿಕದ ಕಾನ್ಸುಲ್ ಜನರಲ್ ಆಗಿ ನೇಮಕಗೊಂಡರು. 1905ರಲ್ಲಿ ಅಲ್ಲಿ ನಡೆದ ಅಪಘಾತದಲ್ಲಿ ಅವರು ಮರಣಹೊಂದಿದರು. ಹೀಗೆ ಫ್ರಾನ್ಸೆಸ್ ಎರಡನೆಯ ಬಾರಿ ವಿಧವೆಯಾದರು.

ನ್ಯೂಯಾರ್ಕಿಗೆ ಹಿಂದಿರುಗಿದ ಅವರು ಈ ಬಾರಿ ಸಾರ್ವಜನಿಕ ಕಾರ್ಯಗಳಲ್ಲಿ ತೊಡಗಿದರು. ಮಹಿಳೆಯರಿಗೆ ಮತದಾನದ ಹಕ್ಕು ದೊರೆಯಬೇಕೆಂಬ ಚಳವಳಿಯನ್ನು ಬೆಂಬಲಿಸಿದರು. ಥಿಯೊಡೋರ್ ರೂಸ್‌ವೆಲ್ಟ್ ಅವರ ರಾಜಕೀಯದ ಅಭಿಮಾನಿಯಾಗಿದ್ದ ಅವರು ರಿಪಬ್ಲಿಕನ್ ಪಕ್ಷದ ಚಟುವಟಿಕೆಗಳಲ್ಲಿ ಪಾಲ್ಗೊಂಡರು. ನ್ಯೂಯಾರ್ಕ್ ರಾಜ್ಯದಲ್ಲಿ ಮಹಿಳೆಯರಿಗೆ ಮತದಾನದ ಹಕ್ಕು 1917ರಲ್ಲಿಯೂ ಇಡೀ ದೇಶದಲ್ಲಿ ಸಂವಿಧಾನದ ತಿದ್ದುಪಡಿಯ ಮೂಲಕ 1920ರಲ್ಲಿಯೂ ದೊರೆಯಿತು.

## ಕೊನೆಯ ದಿನಗಳು

'ಪರ್ಚಾನ್ಸ್ ಸಮ್ ಡೇ' ಎಂಬ ಅವರ ಆತ್ಮಕಥನವು 1951ರಲ್ಲಿ ಖಾಸಗಿಯಾಗಿ ಮುದ್ರಣಗೊಂಡಿತು. ಮರುವರ್ಷ, 1952ರ ಜೂನ್ 10ರಂದು, ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ ಅವರು ನಿಧನರಾದರು.

## ಪ್ರಭಾವ

ಬಣ್ಣದ ಮೂಲಕ ಹೂಗಳನ್ನು ಗುರುತಿಸುವ ಕ್ರಮವು ಫ್ರಾನ್ಸೆಸ್ ಅವರ ಕೃತಿಯ ಬಳಿಕ ಶೀಘ್ರವಾಗಿ ಹರಡಿತು. 1897ರಲ್ಲಿ ಮೇರಿ ಎಲಿಜಬೆತ್ ಪಾರ್ಸನ್ಸ್ ಎಂಬ ಮತ್ತೊಬ್ಬ ಲೇಖಕಿ ಕ್ಯಾಲಿಫೋರ್ನಿಯಾದ ಕಾಡುಹೂಗಳ ಕೈಪಿಡಿಯನ್ನು ಇದೇ ರೀತಿಯಲ್ಲಿ ರಚಿಸಿದರು. ಹೆಸರಿನ ಸಾಮ್ಯದಿಂದ ಇಬ್ಬರನ್ನೂ ಒಬ್ಬರೆಂದು ಭಾವಿಸಬಾರದು. 1900ರಲ್ಲಿ ಬಂದ ನೆಲ್ಜೆ ಬ್ಲಾಂಶನ್ ಅವರ 'ನೇಚರ್ಸ್ ಗಾರ್ಡನ್' ಕೂಡ ಬಣ್ಣದ ವಿಭಾಗಗಳನ್ನು ಅನುಸರಿಸಿತು. ರೋಜರ್ ಟೋರಿ ಪೀಟರ್‌ಸನ್ ಮತ್ತು ಮಾರ್ಗರೆಟ್ ಮೆಕೆನಿ ಅವರ 1968ರ ಪ್ರಸಿದ್ಧ ಕೈಪಿಡಿಯಲ್ಲಿಯೂ ಹೂಗಳ ಮೊದಲ ವಿಂಗಡಣೆ ಬಣ್ಣದ್ದೇ. ಇದಕ್ಕೆ ಭಿನ್ನವಾಗಿ 1977ರ ನ್ಯೂಕೂಂಬ್ ಕೈಪಿಡಿಯು ಬಣ್ಣದ ಬದಲಿಗೆ ಹೂವಿನ ಭಾಗಗಳ ಸಂಖ್ಯೆ ಹಾಗೂ ಎಲೆಗಳ ಜೋಡಣೆಯನ್ನು ಆಧಾರವಾಗಿ ಮಾಡಿಕೊಂಡಿತು.

ಕಾಡುಹೂಗಳ ಬಗ್ಗೆ ಜನರ ಆಸಕ್ತಿ ಬೆಳೆದ ಈ ಕಾಲದಲ್ಲಿಯೇ ನಗರಗಳ ಸಮೀಪದ ಹೂಗಳನ್ನು ಮಿತಿಮೀರಿ ಕೀಳುವುದರ ಬಗೆಗಿನ ಆತಂಕವೂ ಬೆಳೆಯಿತು. 1902ರಲ್ಲಿ ಎಲಿಜಬೆತ್ ಗರ್ಟ್ರೂಡ್ ಬ್ರಿಟನ್ ಮೊದಲಾದವರ ಪ್ರಯತ್ನದಿಂದ ಅಮೆರಿಕದಲ್ಲಿ ಕಾಡುಹೂ ಸಂರಕ್ಷಣಾ ಸಂಘ ಸ್ಥಾಪನೆಗೊಂಡಿತು. ಟ್ರೇಲಿಂಗ್ ಅರ್ಬ್ಯುಟಸ್‌ನಂತಹ ಹೂಗಳನ್ನು ಮಾರಾಟಕ್ಕಾಗಿ ಬೇರುಸಹಿತ ಕೀಳುತ್ತಿದ್ದ ಕಾಲದಲ್ಲಿ, ಹೂವನ್ನು ಹೆಸರು ಹಿಡಿದು ಗುರುತಿಸಬಲ್ಲ ಓದುಗವರ್ಗ ಸಂರಕ್ಷಣೆಯ ಮಾತಿಗೂ ಕಿವಿಗೊಡುವಂತಾಯಿತು.

'ಹೌ ಟು ನೋ ದ ವೈಲ್ಡ್ ಫ್ಲವರ್ಸ್' ಕೃತಿಯನ್ನು 1963ರಲ್ಲಿ ಡೋವರ್ ಪ್ರಕಾಶನ ಮರುಮುದ್ರಿಸಿತು. ಕೃತಿಸ್ವಾಮ್ಯದ ಅವಧಿ ಮುಗಿದಿರುವುದರಿಂದ ಮೂಲ ಆವೃತ್ತಿ ಈಗ ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ. ಅದರಲ್ಲಿನ ಕೆಲವು ಲ್ಯಾಟಿನ್ ಹೆಸರುಗಳು ಮತ್ತು ಕುಟುಂಬದ ಹೆಸರುಗಳು ಇಂದು ಬದಲಾಗಿರುವ ಕಾರಣ ಅಧ್ಯಯನಕ್ಕೆ ಬಳಸುವವರು ಪ್ರಸ್ತುತ ಹೆಸರುಗಳೊಂದಿಗೆ ತಾಳೆ ನೋಡುವುದು ಅಗತ್ಯ.

## ಪ್ರಮುಖ ಕೃತಿಗಳು

* ಹೌ ಟು ನೋ ದ ವೈಲ್ಡ್ ಫ್ಲವರ್ಸ್ (1893)
* ಅಕಾರ್ಡಿಂಗ್ ಟು ಸೀಸನ್ (1894)
* ಪ್ಲಾಂಟ್ಸ್ ಆ್ಯಂಡ್ ದೆಯರ್ ಚಿಲ್ಡ್ರನ್ (1896)
* ಹೌ ಟು ನೋ ದ ಫರ್ನ್ಸ್ (1899)
* ಪರ್ಚಾನ್ಸ್ ಸಮ್ ಡೇ (1951)